ಯಾರಿಗೆ ತಿಳಿಸಬೇಕು

ಶಿರಾಳಕೊಪ್ಪದಲ್ಲಿ ನಾವಿಬ್ಬರೂ ಅಕ್ಕತಂಗಿಯರೆಂದು ಹೇಳಿಕೊಂಡು ಬದುಕಲು ಶುರುಮಾಡಿ ಹನ್ನೊಂದು ವರ್ಷವಾಯಿತು. ನಾನು ಶಿಕಾರಿಪುರದ ಕಡೆಯ, ಕುರಿ ಸಾಕುವ ಮನೆಯವಳು. ಅವಳು ಸೊರಬದಾಚೆ, ಕ್ಯಾಸನೂರಿನ ಹತ್ತಿರದ ಹಳ್ಳಿಯವಳು. ಆರೋಗ್ಯ ಇಲಾಖೆಯಲ್ಲಿ ಕೆಲಸ. ಬೇಸಿಗೆಗೆ ಮುಂಚೆ ಕಾಡಂಚಿನ ಮನೆಮನೆಗೆ ಹೋಗಿ, ಮಂಗನ ಕಾಯಿಲೆ ತರುವ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಹಂಚುತ್ತಾಳೆ, ಜ್ವರ ಬಂದವರ ಹೆಸರು ಬರೆದುಕೊಳ್ಳುತ್ತಾಳೆ. ನಮ್ಮಿಬ್ಬರ ಮುಖದಲ್ಲಿ ಹೋಲಿಕೆ ಅನ್ನುವುದೇ ಇಲ್ಲ. ಅವಳು ಎತ್ತರ, ನಾನು ಗಿಡ್ಡ. ಮಾತಿನ ಧಾಟಿಯೂ ಬೇರೆ. ಆದರೂ ಮನೆ ಬಾಡಿಗೆಗೆ ಕೊಟ್ಟವರು ಕೇಳಿದಾಗ "ಚಿಕ್ಕಮ್ಮನ ಮಗಳು" ಅಂದೆ. ಅವರು ಮುಂದೆ ಕೇಳಲಿಲ್ಲ. ಹೆಂಗಸರಿಬ್ಬರು ಒಟ್ಟಿಗಿದ್ದರೆ ಜನಕ್ಕೆ ಅನುಮಾನಕ್ಕಿಂತ ಮೊದಲು ಅಯ್ಯೋ ಪಾಪ ಅನ್ನಿಸುತ್ತದೆ. ಗಂಡು ಸಿಗದೆ ಉಳಿದವರು ಎಂದುಕೊಳ್ಳುತ್ತಾರೆ. ನಾವು ಅಲ್ಲ ಅನ್ನಲಿಲ್ಲ. ಹಾಗೇ ಸಂಸಾರ ಮಾಡಿದೆವು.

ನನ್ನದು ಹೊಲಿಗೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಗೊಬ್ಬರದಂಗಡಿಯ ಮೇಲೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ನಾಲ್ಕು ಮಷಿನ್, ಹೊಲಿಗೆ ಕಲಿಯಲು ಬರುವ ಹೆಣ್ಣುಮಕ್ಕಳು. ಹಿಂದಿನ ಕೋಣೆ ಮೊದಲು ಖಾಲಿಯೇ ಇತ್ತು. ಅದು ತುಂಬಿದ್ದು ದೊಡ್ಡಮ್ಮನಿಂದ.

ದೊಡ್ಡಮ್ಮ ಅಂತ ಆಮೇಲೆ ಎಲ್ಲರೂ ಕರೆದರು. ಮೊದಲ ಸಲ ಬಂದಾಗ ಅವರು ಬಾಗಿಲಲ್ಲೇ ನಿಂತಿದ್ದರು. ಅರವತ್ತರ ಹತ್ತಿರದ ವಯಸ್ಸು, ಅಗಲ ಭುಜ, ಹಣೆಯಲ್ಲಿ ವಿಭೂತಿ, ಅದರ ಕೆಳಗೆ ದೊಡ್ಡ ಕುಂಕುಮ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಿದವರು. ಕೈಯಲ್ಲಿ ಮಡಚಿದ ಬ್ಲೌಸ್ ಪೀಸ್. ಕ್ಲಾಸಿನ ಹುಡುಗಿಯರು ಹೋಗುವವರೆಗೂ ಕಾದು ಒಳಗೆ ಬಂದರು.

"ಅಳತೆ ತಗೊಳ್ತೀಯೇನವ್ವ?" ಅಂದರು. "ಎಲ್ಲಾ ಕಡೆ ಹಳೇ ಬ್ಲೌಸ್ ಕೊಡು, ಅದ್ರ ಮೇಲೆ ಹೊಲೀತೀವಿ ಅಂತಾರೆ. ಮೈ ಬದಲಾಗ್ತೈತಲ್ಲ, ಹಳೇ ಅಳತೇಲಿ ಎಷ್ಟು ವರ್ಷ ಹೊಲಿಸ್ಲಿ?"

ನಾನು ಟೇಪ್ ತೆಗೆದುಕೊಂಡೆ. ಬೆನ್ನಿಗೆ ಕೈ ಹಾಕಿದಾಗ ಅವರು ಬಿಗಿಯಾಗಿ ನಿಂತರು, ಕಣ್ಣು ಮುಚ್ಚಿಕೊಂಡರು. ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗವಿತ್ತು. ಅದು ಟೇಪಿಗೆ ಅಡ್ಡ ಬಂದಾಗ ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಮನೆ ಬಿಟ್ಟಾಗ ಮೈಮೇಲಿದ್ದಿದ್ದು ಇದೊಂದೇ ನೋಡು, ಇನ್ನೂ ಐತೆ" ಅಂದರು. ಕುಪ್ಪಗಡ್ಡೆಯ ಕಡೆ ಗದ್ದೆ ತೋಟ ಇದ್ದ, ಅಂಗಡಿಯನ್ನೂ ನಡೆಸುತ್ತಿದ್ದ ಮನೆತನವಂತೆ. ಆ ಮನೆಯ ಬಗ್ಗೆ ಅವರು ಅದಕ್ಕಿಂತ ಹೆಚ್ಚು ಯಾವತ್ತೂ ಹೇಳಲಿಲ್ಲ.

ಬ್ಲೌಸ್ ಸರಿಯಾಗಿ ಕೂತಿತು. ಮುಂದಿನ ಸಂತೆಯ ದಿನ ತಮ್ಮಂಥ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಅವರಿಂದ ಇನ್ನೊಬ್ಬರು. ಒಂದೆರಡು ವರ್ಷದಲ್ಲಿ ಗಂಡಸರ ಮೇಲೆ ಮನಸ್ಸಿದ್ದ ಗಂಡಸರೂ ಬರತೊಡಗಿದರು, ಹೆಂಡತಿ ಮಕ್ಕಳಿದ್ದವರು, ಮಾತಾಡಲು ಬಾಯಿ ಬಾರದೆ ಗೋಡೆ ನೋಡುತ್ತಾ ಕೂರುವವರು. ಎಲ್ಲರೂ ಸಂತೆಯ ದಿನವೇ ಬರುತ್ತಿದ್ದರು. ಆ ದಿನ ಶಿರಾಳಕೊಪ್ಪಕ್ಕೆ ಯಾಕೆ ಹೋಗಿದ್ದೆ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ತರಕಾರಿ ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು, ದೊಡ್ಡಮ್ಮ ಕಾಸಿದ ಟೀ ಕುಡಿದು, ಹತ್ತು ನಿಮಿಷ ಕೂತು ಹೋಗುವವರೂ ಇದ್ದರು. ಆ ಹತ್ತು ನಿಮಿಷಕ್ಕೆ ಎರಡು ಬಸ್ ಬದಲಿಸಿ ಬರುತ್ತಿದ್ದರು.

ಅದನ್ನು ಕೇಂದ್ರ ಅಂತ ಕರೆಯಬಹುದು ಎಂದು ನಮಗೆ ಹೇಳಿದ್ದು ದಾವಣಗೆರೆಯ ಕಡೆಯಿಂದ ಬಂದಿದ್ದ ಒಬ್ಬರು. ದೇಶದಲ್ಲೆಲ್ಲ ನಮ್ಮಂಥವರ ಇಂಥ ಕೋಣೆಗಳಿವೆ, ಅವನ್ನೆಲ್ಲ ಜೋಡಿಸುವ ಒಂದು ಜಾಲವಿದೆ, ಸೇರಿಕೊಳ್ಳಿ ಅಂದರು. ಸೇರಿಕೊಂಡೆವು. ಜಾಲದವರು ಒಂದು ಲ್ಯಾಪ್‌ಟಾಪ್ ಕಳಿಸಿದರು. ಮನಸ್ಸು ಕುಗ್ಗಿದವರ ಜೊತೆ ಫೋನಿನಲ್ಲಿ ಮಾತಾಡಲು ಕನ್ನಡ ಬಲ್ಲ ಒಬ್ಬರನ್ನು ಗೊತ್ತುಮಾಡಿದರು. ಪೊಲೀಸ್, ಕೋರ್ಟು ಅಂತ ಬಂದರೆ ಕೇಳಲು ಒಬ್ಬ ವಕೀಲರ ನಂಬರ್ ಕೊಟ್ಟರು. ತಿಂಗಳಿಗೊಮ್ಮೆ ಎಲ್ಲ ಕೇಂದ್ರದವರೂ ವಿಡಿಯೊ ಕರೆಯಲ್ಲಿ ಪರದೆಯ ಮೇಲೆ ಸೇರುತ್ತಿದ್ದರು. ಹಿಂದಿ ಇಂಗ್ಲಿಷು ನನಗೆ ಅರ್ಧಂಬರ್ಧ. ಅವಳು ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳುತ್ತಿದ್ದಳು. ನಾನು ಮಾತಿಗಿಂತ ಹೆಚ್ಚಾಗಿ ಆ ಕೋಣೆಗಳನ್ನೇ ನೋಡುತ್ತಿದ್ದೆ. ಒಂದೊಂದು ಚೌಕದಲ್ಲೂ ನಮ್ಮದೇ ಥರದ ಪ್ಲಾಸ್ಟಿಕ್ ಕುರ್ಚಿ, ಸುಣ್ಣ ಉದುರಿದ ಗೋಡೆ, ಎಳೆದು ಮುಚ್ಚಿದ ಕಿಟಕಿ. ಗುಡ್ಡದ ಊರೊಂದರ ಕೇಂದ್ರದಲ್ಲಿ ಸದಾ ಉಲ್ಲನ್ ಟೋಪಿ ಹಾಕಿಕೊಂಡ ಒಬ್ಬಾಕೆ ಇರುತ್ತಿದ್ದರು, ನಮ್ಮನ್ನು ಕಂಡ ಕೂಡಲೇ ಕೈ ಬೀಸುತ್ತಿದ್ದರು. ಒಂದು ತಿಂಗಳು ಅವರ ಚೌಕ ಬರಲಿಲ್ಲ. ಕೋಣೆಯ ಮಾಲೀಕರು ಖಾಲಿ ಮಾಡಿಸಿದರಂತೆ. ಮುಂದಿನ ತಿಂಗಳೂ ಬರಲಿಲ್ಲ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಒಂದು ಸಲ ಜಾಲದಿಂದ ಒಬ್ಬ ಹೆಂಗಸು ನಮ್ಮನ್ನು ನೋಡಲು ಬಂದರು. ಮೈಸೂರಿನ ಕಡೆಯ ಮಾತು. ಮೆಟ್ಟಿಲು ಹತ್ತಿ ಬಂದು ಕೂತವರೇ, "ಹೊರಗೆ ಬೋರ್ಡ್ ಇಲ್ವಲ್ಲ ಮೇಡಂ?" ಅಂದರು.

"ಇದೆಯಲ್ರೀ, ಹೊಲಿಗೆ ತರಬೇತಿ ಅಂತ."

"ಅದಲ್ಲ, ಕೇಂದ್ರದ್ದು. ಹೊಸಬರಿಗೆ ಗೊತ್ತಾಗೋದು ಹೇಗೆ?"

ಸ್ಟೌ ಹತ್ತಿರ ಕೂತಿದ್ದ ದೊಡ್ಡಮ್ಮ ತಿರುಗದೇ ಹೇಳಿದರು, "ಹೊಸಬ್ರಿಗೆ ಗೊತ್ತಾದ್ರೆ ಊರಿಗೂ ಗೊತ್ತಾಗ್ತೈತಲ್ಲವ್ವ. ನಾಳೆಯಿಂದ ಈ ಮೆಟ್ಲು ಹತ್ತೋರು ಯಾರು?"

ಆಕೆ ವಾದ ಮಾಡಲಿಲ್ಲ. ಹಾಗಿದ್ದರೆ ಪಟ್ಟಿಯಲ್ಲಿ ಊರಿನ ಹೆಸರು ಮಾತ್ರ ಇರಲಿ, ವಿಳಾಸ ಬೇಡ ಎಂದು ಬರೆದುಕೊಂಡರು. ನಂತರ ಚೀಲದಿಂದ ಒಂದು ಕಟ್ಟು ಕಾಗದ ತೆಗೆದರು. ಬೇರೆ ಬೇರೆ ಕೇಂದ್ರದವರು ಏಟು ತಿಂದು ಕಲಿತು ಮಾಡಿದ್ದು, ಈಗ ಕನ್ನಡದಲ್ಲೂ ಬಂದಿದೆ ಅಂದರು. ಕಾಯಿಲೆ ಬಿದ್ದರೆ ಯಾರಿಗೆ ತಿಳಿಸಬೇಕು ಅನ್ನುವುದು ಮೊದಲ ಪ್ರಶ್ನೆ. ನಿಮ್ಮ ಪರವಾಗಿ ಯಾರು ಮಾತಾಡಬೇಕು, ಯಾವ ಹೆಸರಿನಿಂದ ಕರೆಯಬೇಕು, ಸತ್ತರೆ ಯಾವ ಉಡುಪು ಉಡಿಸಬೇಕು. ಕೊನೆಯಲ್ಲಿ ಸಹಿ, ಎರಡು ಸಾಕ್ಷಿ.

"ಇದು ಎಲ್ಲಾ ಕಡೆ ನಡೆಯುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಕೈಲೊಂದು ಕಾಗದ ಇದ್ರೆ ಮಾತಾಡೋಕಾದ್ರೂ ಬಾಯಿರುತ್ತೆ," ಅಂದರು.

ಅವರು ಬಸ್ಸಿಗೆ ಹೋದ ಮೇಲೆ ದೊಡ್ಡಮ್ಮ ಒಂದು ಕಾಗದ ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿದರು. "ಯಾವ ಸೀರೆ ಅಂತಾನೂ ಬರೀಬೋದಾ?"

"ಬರೀಬಹುದು."

"ಹಂಗಾರೆ ನನ್ನ ಹಸಿರು ಇಳಕಲ್ ಸೀರೆ ಅಂತ ಬರಿ."

"ಈಗಲೇ ಬರೆದುಬಿಡೋಣ, ಕೂತ್ಕೊಳ್ಳಿ."

"ಬಿಡೇ, ಮುಂದಿನ ಸಂತೇಗೆ ಬರದ್ರಾತು. ನಾಳೇನೇ ಸಾಯ್ತೀನೇನು," ಎಂದು ನಕ್ಕು ಹಾಲಿನ ಪಾತ್ರೆ ಇಳಿಸಲು ಹೋದರು.

ನಾನು ಕಾಗದಗಳನ್ನು ಲೈನಿಂಗ್ ಬಟ್ಟೆ ಇಡುವ ಡ್ರಾಯರಿನಲ್ಲಿ ಇಟ್ಟೆ. ಮುಂದಿನ ಸಂತೆಗೆ ಶಾಲೆಯ ಯೂನಿಫಾರ್ಮಿನ ಕೆಲಸ ಶುರುವಾಗಿತ್ತು. ಬಟ್ಟೆಯ ರಾಶಿ ಬಾಗಿಲವರೆಗೆ. ಅದರ ಮುಂದಿನ ಸಂತೆಗೂ ಹಾಗೇ. ಡ್ರಾಯರು ದಿನಕ್ಕೆ ಹತ್ತು ಸಲ ತೆಗೆಯುತ್ತಿದ್ದೆ, ಕಾಗದ ಕೈಗೆ ತಾಗುತ್ತಿತ್ತು. ಕೆಲಸ ಮುಗಿಯಲಿ ಅಂದುಕೊಂಡೆ. ಇದನ್ನು ನೆನೆಸಿಕೊಂಡಾಗ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ದೊಡ್ಡಮ್ಮ ಎರಡು ಸಂತೆ ಬರಲಿಲ್ಲ. ಅವರು ಶಿಕಾರಿಪುರದ ಅಂಚಿನಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದರು. ಅವಳೂ ನಾನೂ ಹೋದೆವು. ಗೋಡೆಗೊರಗಿ ಕೂತಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ಅವಳು ಕಾಲನ್ನು ಒತ್ತಿ ನೋಡಿದಳು. ಬೆರಳಿನ ಗುಳಿ ಹಾಗೇ ಉಳಿಯಿತು.

"ಇದು ಹೃದಯದ್ದು ಮಾರಾಯ್ತಿ, ತಡ ಮಾಡೋದಲ್ಲ," ಎಂದು ನನಗೆ ಮೆಲ್ಲಗೆ ಹೇಳಿದಳು.

ಶಿಕಾರಿಪುರದಲ್ಲಿ ನೋಡಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿಗೆ ತಲುಪುವ ಹೊತ್ತಿಗೆ ದೊಡ್ಡಮ್ಮನಿಗೆ ಪ್ರಜ್ಞೆ ಸರಿಯಾಗಿ ಇರಲಿಲ್ಲ. ಆಧಾರ್ ಕಾರ್ಡಿನಲ್ಲಿ ಇದ್ದದ್ದು ಅಪ್ಪ ಅಮ್ಮ ಇಟ್ಟ ಗಂಡು ಹೆಸರು. ದಾಖಲು ಮಾಡುವವರು ಕಾರ್ಡು ನೋಡಿದರು, ದೊಡ್ಡಮ್ಮನ ಕೈಬಳೆ ನೋಡಿದರು, ನನ್ನನ್ನು ಕೇಳಿದರು:

"ನೀವು ಇವರಿಗೆ ಏನಾಗಬೇಕು?"

"ಬೇಕಾದವರು."

"ಬೇಕಾದವರು ಅಂದ್ರೆ ಆಗಲ್ಲಮ್ಮ. ಸಹಿ ಹಾಕೋಕೆ ಸಂಬಂಧಿಕರು ಬೇಕು. ಯಾರೂ ಇಲ್ವಾ?"

ಅವರು ಒರಟಾಗಿ ಕೇಳಲಿಲ್ಲ. ಅವರಿಗಿದ್ದ ಕ್ರಮ ಅದು. ನಾನು ದೊಡ್ಡಮ್ಮನ ಫೋನ್ ತೆಗೆದೆ. ನಮ್ಮೆಲ್ಲರ ಹೆಸರುಗಳ ನಡುವೆ "ಮನೆ" ಎಂದು ಒಂದು ನಂಬರ್ ಇತ್ತು. ಆ ನಂಬರಿಗೆ ಅವರು ಒಮ್ಮೆಯೂ ಮಾಡಿದ ಗುರುತಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಒತ್ತಿದೆ.

ವಯಸ್ಸಾದ ಗಂಡಸಿನ ದನಿ. ನಾನು ಆ ಗಂಡು ಹೆಸರನ್ನೇ ಹೇಳಬೇಕಾಯಿತು. "ಜೀವ ಐತಾ?" ಎಂದು ಕೇಳಿದರು.

"ಇದೆ. ಬೇಗ ಬನ್ನಿ."

ಅವರು ದೊಡ್ಡಮ್ಮನ ಅಣ್ಣ. ಆ ಸಂಜೆಗೇ ಬಂದರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್, ಕೆಸರಾದ ಚಪ್ಪಲಿ. ಮಂಚದ ಹತ್ತಿರ ನಿಂತರು. ಮಾಸ್ಕ್ ಹಾಕಿದ ಆ ಮುಖದಲ್ಲಿ ತಮ್ಮನನ್ನು ಹುಡುಕುತ್ತಿದ್ದರೇನೋ. ನಂತರ ಸಹಿ ಹಾಕಲು ಹೋದರು. ಮರುದಿನ ಮಧ್ಯಾಹ್ನ ದೊಡ್ಡಮ್ಮ ತೀರಿಕೊಂಡರು. ಕೊನೆಗೆ ಒಮ್ಮೆ ಕಣ್ಣು ಬಿಟ್ಟರು ಎಂದು ಅವಳು ಹೇಳುತ್ತಾಳೆ. ನಾನು ಹೊರಗೆ ನೀರು ತರಲು ಹೋಗಿದ್ದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಜಾಲದ ವಕೀಲರಿಗೆ ಫೋನ್ ಮಾಡಿದೆ. ಅವರು ಕೂಡಲೇ ಎತ್ತಿದರು, ಎಲ್ಲ ಕೇಳಿಸಿಕೊಂಡರು.

"ಅವರು ಏನಾದ್ರೂ ಬರೆದಿಟ್ಟಿದ್ದಾರಾ?"

"ಇಲ್ಲ ಸರ್. ಬರೀಬೇಕು ಅಂತಿದ್ರು."

"ಹಾಗಿದ್ರೆ ಕಷ್ಟ ಅಮ್ಮ. ಅಣ್ಣ ಬಂದಿದ್ದಾರೆ, ಕೊಡೋದಿಲ್ಲ ಅನ್ನೋಕೆ ನಮ್ಮ ಹತ್ರ ಏನೂ ಇಲ್ಲ. ಅವರ ಹತ್ರ ಒಳ್ಳೆ ಮಾತಲ್ಲಿ ಕೇಳಿ ನೋಡಿ."

ಒಳ್ಳೆ ಮಾತಲ್ಲೇ ಕೇಳಿದೆ. ಅವರಿಗೊಂದು ಹಸಿರು ಸೀರೆ ಅಂದರೆ ಇಷ್ಟವಿತ್ತು, ಅದನ್ನು ಉಡಿಸಬಹುದೇ ಎಂದೆ. ಅಣ್ಣ ಟವೆಲಿನಿಂದ ಮುಖ ಒರೆಸಿಕೊಂಡರು.

"ತಾಯೀ, ಊರಾಗೆ ನಾಕು ಜನ ಬರ್ತಾರೆ. ಅಯ್ನೋರು ಬರ್ತಾರೆ. ನಂಗೆ ಮೊಮ್ಮಕ್ಕಳದಾರೆ. ಅದೊಂದು ಕೇಳಬ್ಯಾಡ್ರಿ."

ಮಾರನೆಯ ದಿನ ನಾವು ನಾಲ್ಕು ಜನ ಕುಪ್ಪಗಡ್ಡೆಗೆ ಹೋದೆವು. ಯಾರೆಂದು ಕೇಳಿದವರಿಗೆ ಶಿರಾಳಕೊಪ್ಪದವರು, ಗುರುತಿನವರು ಅಂದೆವು. ಅಂಗಳದಲ್ಲಿ ಚಾಪೆಯ ಮೇಲೆ ಕೂತ ಹೆಂಗಸರ ಹಿಂದೆ ಜಾಗ ಕೊಟ್ಟರು. ದೊಡ್ಡಮ್ಮನನ್ನು ಕೂರಿಸಿದ್ದರು. ಬಿಳಿ ಪಂಚೆ, ಶಲ್ಯ, ತಲೆಗೆ ರುಮಾಲು. ಕೂದಲು ಕತ್ತರಿಸಿದ್ದರು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಆ ಲಿಂಗ. ಬಳೆ ಇದ್ದ ಮಣಿಕಟ್ಟಿನ ಮೇಲೆ ಒಂದು ಬೆಳ್ಳನೆಯ ಗುರುತು ಮಾತ್ರ ಉಳಿದಿತ್ತು. ನನ್ನ ಪಕ್ಕದಲ್ಲಿ ಕೂತ ಮುದುಕಿಯೊಬ್ಬರು, "ಮದುವೆ ಮಾಡ್ಕಳ್ದೆ ದೇಶಾಂತರ ಹೋಗಿದ್ದ, ಪಾಪ. ಕಡೀಗಾದ್ರೂ ಮನೆಗೆ ಬಂದ" ಎಂದು ಕಣ್ಣೊರೆಸಿಕೊಂಡರು. ನಾನು ಹೂಂ ಅಂದೆ. ನಮ್ಮ ಜೊತೆ ಬಂದಿದ್ದ, ದೊಡ್ಡಮ್ಮನನ್ನೇ ತಾಯಿ ಅಂದುಕೊಂಡಿದ್ದ ಒಬ್ಬಳು ಸೆರಗನ್ನು ಬಾಯಿಗೆ ತುರುಕಿಕೊಂಡು ಎದ್ದು ಹೋಗಿ ರಸ್ತೆಯ ಆಚೆ ನಿಂತಳು. ಜೋರಾಗಿ ಅತ್ತರೆ ಗಂಡು ದನಿ ಗುರುತು ಸಿಗುತ್ತದೆ ಎಂಬ ಹೆದರಿಕೆ ಅವಳಿಗೆ.

ಮಣ್ಣು ಮುಗಿದ ಮೇಲೆ ಅಣ್ಣ ಒಂದು ಬಟ್ಟೆ ಚೀಲ ತಂದು ನನ್ನ ಕೈಗೆ ಕೊಟ್ಟರು. ಆಸ್ಪತ್ರೆಯಲ್ಲಿ ಬಿಚ್ಚಿದ ಸೀರೆ, ಬ್ಲೌಸು, ಬಳೆ.

"ಇವು ಮನೇಲಿ ಇಡಾಕ್ಕೆ ಬರಲ್ಲ. ಬಿಸಾಡಾಕ್ಕೂ ಮನಸಿಲ್ಲ," ಅಂದರು. ಹೋಗಲು ತಿರುಗಿದವರು ಮತ್ತೆ ನಿಂತರು. "ಅಲ್ಲಿ ಚೆನ್ನಾಗಿದ್ನಾ ಅವ್ನು?"

"ಚೆನ್ನಾಗಿದ್ರು. ಎಲ್ರಿಗೂ ಟೀ ಕಾಸಿ ಕೊಡೋರು."

"ಲಿಂಗ ಬಿಟ್ಟಿರಲಿಲ್ಲ," ಅಂದರು ಅವರು, ತಮಗೆ ತಾವೇ ಹೇಳಿಕೊಂಡ ಹಾಗೆ. "ಅಪ್ಪ ಹೊಡದು ಹೊರಗೆ ಹಾಕ್ದಾಗ ನಾನು ಜಗಲಿ ಮ್ಯಾಲೇ ನಿಂತಿದ್ದೆ. ಊಟ ಮಾಡ್ಕಂಡು ಹೋಗ್ರಿ."

ನಾವು ಊಟ ಮಾಡಲಿಲ್ಲ. ಬಸ್ಸಿನಲ್ಲಿ ಆ ಚೀಲ ಇಡೀ ದಾರಿ ನನ್ನ ತೊಡೆಯ ಮೇಲಿತ್ತು. ಬ್ಲೌಸು ನಾನೇ ಹೊಲಿದದ್ದು.

ಆ ತಿಂಗಳ ಕರೆಯಲ್ಲಿ ನಾನು ಇದನ್ನೆಲ್ಲ ಕನ್ನಡದಲ್ಲೇ ಹೇಳಿದೆ. ಮೈಸೂರಿನ ಕಡೆಯ ಆ ಹೆಂಗಸು ತುಂಡು ತುಂಡಾಗಿ ಅನುವಾದಿಸಿದರು. ಮುಗಿದ ಮೇಲೆ ಒಬ್ಬೊಬ್ಬರಾಗಿ ಶುರುಮಾಡಿದರು. ಪ್ರತಿ ಕೋಣೆಯಲ್ಲೂ ಇಂಥದೊಂದು ಹೆಣವಿತ್ತು. ಒಂದು ಕಡೆ ಜೊತೆಯವರನ್ನು ಸುಡುವ ಜಾಗಕ್ಕೆ ಬಿಟ್ಟಿರಲಿಲ್ಲ, ಇನ್ನೊಂದು ಕಡೆ ಸುದ್ದಿ ಗೊತ್ತಾಗಿದ್ದೇ ಹದಿನೈದು ದಿನದ ಮೇಲೆ. ಅಷ್ಟು ಜನ ಕೇಳಿಸಿಕೊಂಡದ್ದರಿಂದ ಸಮಾಧಾನವಾಯಿತೇ ಎಂದು ಅವಳು ಆಮೇಲೆ ಕೇಳಿದಳು. ಇಲ್ಲ ಅಂದೆ. ಆದರೆ ಅವರನ್ನು ಬಿಟ್ಟು ಬೇರೆ ಯಾರಿಗೂ ಅದನ್ನು ಹೇಳಲು ಆಗುತ್ತಿರಲಿಲ್ಲ ಎಂಬುದೂ ನಿಜ. ಎಲ್ಲ ಕೇಂದ್ರಗಳೂ ಆ ಕಾಗದ ತುಂಬಿಸಬೇಕು, ಬರೆದ ನಂಬರುಗಳಿಗೆ ಒಮ್ಮೆ ಫೋನ್ ಮಾಡಿ ಸರಿಯಿದೆಯೇ ನೋಡಬೇಕು ಎಂದು ಅವತ್ತು ತೀರ್ಮಾನವಾಯಿತು.

ಮುಂದಿನ ಸಂತೆಗೆ ನಾನು ಡ್ರಾಯರಿನಿಂದ ಕಾಗದ ತೆಗೆದು ಹಂಚಿದೆ. ಟೀ ನಾನೇ ಕಾಸಿದೆ, ಯಾರಿಗೂ ಹಿಡಿಸಲಿಲ್ಲ. ರಸ್ತೆಯ ಆಚೆ ನಿಂತು ಅತ್ತವಳು ಎಲ್ಲ ಸಾಲುಗಳನ್ನೂ ತುಂಬಿ ಹೆಬ್ಬೆಟ್ಟನ್ನೂ ಒತ್ತಿದಳು, ಸಹಿ ಹಾಕಲು ಬರುತ್ತಿದ್ದರೂ. ಮೇಷ್ಟ್ರೊಬ್ಬರಿದ್ದರು, ಬಹಳ ವರ್ಷದಿಂದ ಬರುತ್ತಿದ್ದವರು. ಕಾಗದ ಓದಿದರು, ನಾಲ್ಕು ಮಡಿಕೆ ಮಾಡಿದರು, ತರಕಾರಿ ಚೀಲದಲ್ಲಿ ಸೊಪ್ಪಿನ ಕೆಳಗೆ ಇಟ್ಟುಕೊಂಡು ಹೋದರು. ಮತ್ತೆ ಬರಲಿಲ್ಲ. ಇನ್ನೂ ಮೂರು ನಾಲ್ಕು ಜನ ಹಾಗೇ ಕಡಿಮೆಯಾದರು. ಹತ್ತು ನಿಮಿಷ ಕೂತು ಹೋಗಲು ಬಂದವರಿಗೆ ನಾನು ಸಾವನ್ನು ಬರೆದುಕೊಡಿ ಅಂದಿದ್ದೆ.

ನಮ್ಮಿಬ್ಬರದು ಉಳಿದಿತ್ತು. ಒಂದು ಭಾನುವಾರ ಬೆಳಿಗ್ಗೆ, ತಿಂಡಿಯ ನಂತರ, ಅಡುಗೆಮನೆಯ ನೆಲದ ಮೇಲೆ ಕೂತೆವು. ನಾನು ಬೇಗ ಬರೆದೆ. ಯಾರಿಗೆ ತಿಳಿಸಬೇಕು ಅನ್ನುವಲ್ಲಿ ಅವಳ ಹೆಸರು. ಅದರ ಪಕ್ಕ ಸಂಬಂಧ ಎಂದಿತ್ತು. ಪೆನ್ನು ನಿಂತಿತು.

"ಏನಂತ ಬರೀಲಿ?"

"ತಂಗಿ ಅಂತ ಬರಿ. ಎಲ್ಲಾ ಕಡೆ ಅದೇ ಹೇಳಿದೀವಲ್ಲ."

"ಇಲ್ಲಾದ್ರೂ ನಿಜ ಬರೆಯೋಣ ಅಂತ."

ನಾನು "ಜೊತೆಗೆ ಬಾಳುವವಳು" ಎಂದು ಬರೆದೆ. ತಲೆಯೆತ್ತಿ ನೋಡಿದರೆ ಅವಳ ಕಾಗದ ತುಂಬಿಯಾಗಿತ್ತು. ನನ್ನ ಕಡೆ ಸರಿಸಿದಳು. ಮೊದಲ ಸಾಲಿನಲ್ಲಿ ಅವಳ ಅಣ್ಣನ ಹೆಸರಿತ್ತು.

ಕುಪ್ಪಗಡ್ಡೆಯ ಅಂಗಳ ನನ್ನ ಕಣ್ಣ ಮುಂದೆ ಬಂತು. "ನೀನೂ ಅಲ್ಲಿ ಕೂತಿದ್ದೆಯಲ್ಲ," ಅಂದೆ. "ನೋಡಿದೆಯಲ್ಲ."

"ನೋಡ್ದೆ. ಅದಕ್ಕೇ ಬರ್ದಿದ್ದು." ಅವಳು ಬಾಗಿಲ ಕಡೆ ನೋಡುತ್ತಿದ್ದಳು. "ನಂಗೆ ನಮ್ಮೂರ ಮಣ್ಣು ಬೇಕು ಕಣೆ. ಅವ್ವನ ಪಕ್ಕ. ನಿನ್ನ ಹೆಸ್ರು ಬರೆದ್ರೆ ಅಣ್ಣಂಗೆ ಎಲ್ಲ ಗೊತ್ತಾಗ್ತದೆ, ಆಮೇಲೆ ಅಲ್ಲಿಗೆ ನನ್ನ ಸೇರಿಸಲ್ಲ. ಬದುಕಿರೋವಷ್ಟು ದಿನ ನಿನ್ನ ಜೊತೆ ಇರ್ತೀನಿ. ಸತ್ತ ಮೇಲಿಂದು ನಂಗೆ ಬಿಡು."

"ಆಗ ನಾನು ಎಲ್ಲಿ ಕೂತ್ಕೊಳ್ಳಲಿ?"

"ಹೆಂಗಸರ ಹಿಂದೆ ಜಾಗ ಕೊಡ್ತಾರಲ್ಲ," ಅಂದಳು. ಅಂದ ತಕ್ಷಣ ನನ್ನ ಮಂಡಿ ಹಿಡಿದುಕೊಂಡು ಅಳತೊಡಗಿದಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ಎರಡೇ ಸಲ ನೋಡಿದ್ದೆ. ಸಮಾಧಾನ ಮಾಡಲು ನನಗೆ ಕೈ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಇಬ್ಬರ ತಟ್ಟೆಯನ್ನೂ ತೊಳೆದೆ.

ಅದಾಗಿ ಒಂದು ವರ್ಷ ಮೀರಿತು. ನಾವು ಒಟ್ಟಿಗೇ ಇದ್ದೇವೆ. ಆ ಮಾತು ಮತ್ತೆ ಎತ್ತಿಲ್ಲ. ಹಿಂದಿನ ಕೋಣೆಗೆ ಸಂತೆಯ ದಿನ ನಾಲ್ಕೈದು ಜನ ಬರುತ್ತಾರೆ. ತಿಂಗಳ ಕರೆ ನಡೆಯುತ್ತಿದೆ, ಹೊಸ ಚೌಕಗಳೂ ಕಾಣಿಸಿಕೊಂಡಿವೆ.

ನಂಬರುಗಳಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವ ಕೆಲಸ ನನ್ನದು. ಒಂದೊಂದಾಗಿ ಮಾಡಿದೆ. ಅವಳ ಕಾಗದವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅವಳು ಬೆಳಗಿನ ಬಸ್ಸಿಗೆ ಎಣ್ಣೆ ಬಾಟಲಿಗಳ ಪೆಟ್ಟಿಗೆ ಹೊತ್ತು ಹೋದ ಮೇಲೆ, ಕ್ಲಾಸಿನ ಹುಡುಗಿಯರು ಬರುವ ಮುಂಚೆ, ಆ ನಂಬರ್ ಒತ್ತಿದೆ.

"ಯಾರ್ರೀ?"

"ಶಿರಾಳಕೊಪ್ಪದಿಂದ. ನಿಮ್ಮ ತಂಗಿ ಜೊತೆ ಇರೋಳು."

"ಓ, ಟೈಲರಕ್ಕ. ಏನಾತ್ರೀ, ಅವ್ಳು ಹುಷಾರಾಗಿದಾಳಾ?"

"ಹುಷಾರಾಗಿದಾಳೆ. ನಂಬರ್ ಸರಿ ಇದೆಯಾ ಅಂತ ನೋಡಿದೆ, ಅಷ್ಟೇ."

"ಸರಿ ಐತೆ, ಸರಿ ಐತೆ. ಏನಾದ್ರೂ ಇದ್ರೆ ಯಾವ್ ಹೊತ್ತಿಗಾದ್ರೂ ಮಾಡ್ರಿ. ನೀವಿದೀರಿ ಅಂತ ನಮಗೆ ಧೈರ್ಯ."

ಆಗಲಿ ಅಂದೆ. ಫೋನ್ ಇಟ್ಟು, ಆ ನಂಬರಿನ ಮುಂದೆ ಸರಿ ಗುರುತು ಹಾಕಿ, ಕಾಗದವನ್ನು ಫೈಲಿಗೆ ಸೇರಿಸಿದೆ.